ದಿಕ್ಕು ಹೇಳದ ಕೆಂಪಣ್ಣ, ವಿಧ ಹೇಳದ ಲಿಸ್ಟು

ಮೊನ್ನೆ ಚನ್ನಪಟ್ಟಣದ ಬಸ್ ನಿಲ್ದಾಣದ ಎದುರು ತಳ್ಳುಗಾಡಿಯವನೊಬ್ಬ ಹಲಸಿನ ಹಣ್ಣು ಸೀಳುತ್ತಿದ್ದ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ಸಾಲಾಗಿ ಇಡುತ್ತಿದ್ದ. ನನ್ನ ಜೊತೆಗಿದ್ದವರು ನಿಂತು ತಿಂದರು. ನಾನು ರಸ್ತೆ ದಾಟಿ ಆ ಕಡೆ ಹೋಗಿ ನಿಂತೆ. ಹಲಸಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕಿವಿ ಒಂದು ರೆಂಬೆ ಮುರಿಯುವ ಸದ್ದಿಗೆ ಕಾಯುತ್ತದೆ. ಬಸ್ಸುಗಳ ಹಾರ್ನಿನ ನಡುವೆಯೂ ಕಾಯುತ್ತದೆ. ಅದು ನನ್ನ ಹೆದರಿಕೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ವರ್ಷ ನಾನು ಹಿಡಿದ ಹಟ ಹೆದರಿಕೆಯದಲ್ಲ. ಅದು ಸರಿಯಾಗಿತ್ತು ಎಂದು ಈಗಲೂ ಹೇಳುತ್ತೇನೆ.

ನಾನಾಗ ಬಿಸಿಎ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಮಾಗಡಿ ತಾಲ್ಲೂಕಿನ ಸೋಲೂರು ಕಡೆ. ಅಲ್ಲಿಂದ ದಿನಾ ರಾಮನಗರದ ಕಾಲೇಜಿಗೆ ಓಡಾಡುವುದು ಆಗದ ಮಾತೆಂದು ಅಮ್ಮನ ತಂಗಿ ಜಯಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವಳದು ಚನ್ನಪಟ್ಟಣ ತಾಲ್ಲೂಕಿನಲ್ಲಿ ಕಾಡಿಗೆ ಆತುಕೊಂಡಿರುವ ಊರು. ಹಿಪ್ಪುನೇರಳೆ ತೋಟ, ಒಂದು ಜೊತೆ ಹಸು, ಬದುವಿನ ಮೇಲೆ ಹಲಸಿನ ಮರಗಳು. ಕನಕಪುರದ ಕಡೆಯ ಕಾಡಿನಿಂದ ಆನೆ ಇಳಿಯುವುದು ಆ ಊರಿಗೆ ಹೊಸದೇನಲ್ಲ. ಹಲಸು ಹಣ್ಣಾದಾಗ ಇಳಿಯುತ್ತವೆ, ರಾಗಿ ತೆನೆ ಕಟ್ಟಿದಾಗ ಇಳಿಯುತ್ತವೆ.

ಆದರೆ ಅಲ್ಲಿ ಯಾರೂ ಆನೆ ಎನ್ನುವುದಿಲ್ಲ. ದೊಡ್ಡೋರು ಎನ್ನುತ್ತಾರೆ. ಒಂದೇ ಆನೆ ಬಂದಿದ್ದರೂ "ದೊಡ್ಡೋರು ಬಂದವ್ರೆ, ಒಬ್ರೇ ಅವ್ರೆ" ಎಂದು ಮರ್ಯಾದೆಯಿಂದ ಹೇಳುತ್ತಾರೆ. ಇದಕ್ಕಿಂತ ಬಿಗಿಯಾದ ಇನ್ನೊಂದು ಕಟ್ಟುಪಾಡಿದೆ. ಅವರು ಯಾವ ಕಡೆ ಹೊರಟಿದ್ದಾರೆ ಎಂದು ಬಾಯಿಬಿಟ್ಟು ಹೇಳಬಾರದು, ಬೆರಳು ಮಾಡಿ ತೋರಿಸಬಾರದು. ದಿಕ್ಕು ಹೇಳಿದರೆ ಆ ದಿಕ್ಕಿಗೆ ನಾವೇ ಕರೆದಂತೆ. ಸೋಲೂರು ಕಡೆಯವಳಾದ ನನಗೆ ಮೊದಲು ಇದು ತಮಾಷೆ ಎನಿಸಿತ್ತು. ಚಿಕ್ಕಮ್ಮನ ಮುಂದೆ ಒಮ್ಮೆ ನಕ್ಕೆ. "ನಗ್ತೀಯಾ? ನಿಮ್ಮೂರ್ಗೆ ಒಬ್ರು ಬರ್ಲಿ, ಆಗ ನಗೀವಂತೆ" ಎಂದು ಮೂತಿ ತಿರುವಿದಳು.

ನನ್ನ ಪ್ರಾಜೆಕ್ಟಿನ ಜೊತೆಗಾರ ಮಹದೇವ ಪಕ್ಕದ ಊರಿನವನು. ಬಾಯಿ ಬಿಟ್ಟರೆ ಮುಚ್ಚದವನು. ಕಾಡಂಚಿನ ತೋಟಗಳಲ್ಲಿ ಕಾವಲಿರುವವರು ಆನೆ ಕಂಡರೆ ಫೋನ್ ಮಾಡಬೇಕು, ಮಹದೇವ ಆ ಸುದ್ದಿಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತುಂಬಬೇಕು, ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿನಲ್ಲಿ ಓಡುವ ನಮ್ಮ ಪ್ರೋಗ್ರಾಂ ಅದನ್ನು ಸುತ್ತಲ ಊರುಗಳ ಫೋನುಗಳಿಗೆ ಮೆಸೇಜ್ ಮಾಡಬೇಕು. ಇಷ್ಟೇ ಪ್ರಾಜೆಕ್ಟು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆವು. ಊರಿನವರಿಗೆ ಇದು ಎಷ್ಟು ಹಿಡಿಸಿತೆಂದರೆ ಸ್ವಲ್ಪ ದಿನಕ್ಕೇ ನಾಯಿ ಬೊಗಳುವುದನ್ನು ಕೇಳಿಸಿಕೊಳ್ಳುವುದು, ಗಾಳಿಯಲ್ಲಿ ವಾಸನೆ ಹಿಡಿಯುವುದು ಎಲ್ಲ ಬಿಟ್ಟರು. ಬೆಳಗ್ಗೆ ಫೋನ್ ನೋಡುವುದು. ಮೆಸೇಜ್ ಇದ್ದರೆ ಮನೆಯಲ್ಲಿರುವುದು, ಇಲ್ಲದಿದ್ದರೆ ದಾರಿ ಸಾಫು ಎಂದು ಹೊರಡುವುದು. ಆ ಎರಡನೆಯದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರೇ ಹಾಗೆ ನಂಬಿದರು.

ಈಗ ಪ್ರೋಗ್ರಾಮಿನ ಒಳಗಿನ ಒಂದು ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಬಂದ ಸುದ್ದಿಗಳನ್ನೆಲ್ಲ ಪ್ರೋಗ್ರಾಂ ಒಂದು ಲಿಸ್ಟಿನಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಿತ್ತು. ಲಿಸ್ಟು ಎಂದರೆ ಭಾಷೆಯ ಜೊತೆಗೇ ಬರುವ ಸಿದ್ಧ ಪೆಟ್ಟಿಗೆ. ಅದನ್ನು ಎರಡು ಥರ ಬಳಸಬಹುದು. ಇದರಲ್ಲಿ ಸುದ್ದಿ ಎಂಬ ವಿಧದ ವಸ್ತು ಮಾತ್ರ ಇರಬೇಕು ಎಂದು ಪೆಟ್ಟಿಗೆಯ ಮೇಲೆಯೇ ಬರೆಯಬಹುದು. ಹೆಸರಿನ ಪಕ್ಕ ಎರಡು ಮೊನೆ ಗುರುತು ಹಾಕಿ, ನಡುವೆ ವಿಧದ ಹೆಸರು ಬರೆದರೆ ಆಯಿತು. ಇದೇ ಜೆನೆರಿಕ್ಸ್. ಹಾಗೆ ಬರೆದರೆ, ಬೇರೆ ಏನನ್ನಾದರೂ ಒಳಗೆ ಹಾಕುವ ಸಾಲನ್ನು ಕಂಪೈಲರ್, ಎಂದರೆ ನಾವು ಬರೆದದ್ದನ್ನು ಮೊದಲು ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು, ಒಪ್ಪುವುದೇ ಇಲ್ಲ. ಪ್ರೋಗ್ರಾಂ ಹೊರಡುವ ಮೊದಲೇ ತಡೆಯುತ್ತದೆ. ಇನ್ನೊಂದು ಥರವೆಂದರೆ ಏನೂ ಬರೆಯದೆ ಖಾಲಿ ಬಿಡುವುದು. ಆಗ ಅದರೊಳಗೆ ಸುದ್ದಿಯನ್ನೂ ಹಾಕಬಹುದು, ಅಂಕಿಯನ್ನೂ ಹಾಕಬಹುದು, ಬರೀ ವಾಕ್ಯವನ್ನೂ ಹಾಕಬಹುದು. ಕಂಪೈಲರ್ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. ಹೊರಗೆ ತೆಗೆಯುವಾಗ ಮಾತ್ರ, ಇದು ಸುದ್ದಿಯೇ ಎಂದು ಪ್ರೋಗ್ರಾಂ ನಂಬಿಕೊಂಡು ಕೈ ಹಾಕುತ್ತದೆ. ಅಲ್ಲದಿದ್ದರೆ ಅಲ್ಲೇ ಸಾಯುತ್ತದೆ.

ನಮ್ಮ ಲಿಸ್ಟು ಖಾಲಿ ಬಿಟ್ಟದ್ದು. ನಮ್ಮ ಪ್ರಾಜೆಕ್ಟಿನ ಗೈಡ್ ಸರ್ ಕೊಟ್ಟ ಹಳೆಯ ಲ್ಯಾಬ್ ಮಾದರಿಯಲ್ಲಿ ಹಾಗೇ ಇತ್ತು. ವಿಧ ಬರೆಯೋಣ ಎಂದು ನಾನು ಕೇಳಿದೆ. ಒಂದು ಸಲವಲ್ಲ.

"ವಾರ್ನಿಂಗ್ ತಾನೆ ಅಮ್ಮ? ಎರರ್ ಅಲ್ಲವಲ್ಲ" ಎಂದರು ಸರ್. "ಕಾಣದ ಹಾಗೆ ಮಾಡೋಕೆ ಒಂದು ಸಾಲು ಇದೆ, ಹಾಕಿಬಿಡಿ. ಓಡೋ ಕೋಡನ್ನ ಮುಟ್ಟಬೇಡಿ."

"ಸರ್, ಡೇರೀಲಿ ಹಾಲನ್ನ ಬಾಗಿಲಲ್ಲೇ ಪರೀಕ್ಷೆ ಮಾಡಿ ತಾನೆ ಕ್ಯಾನಿಗೆ ಸುರಿಯೋದು? ಎಲ್ಲರದ್ದೂ ಬೆರೆತ ಮೇಲೆ ಯಾರದ್ದು ನೀರು ಅಂತ ಹೇಗೆ ಹೇಳ್ತಾರೆ?"

ಲ್ಯಾಬೆಲ್ಲ ನಕ್ಕಿತು. "ಸವಿತಾ, ಇದು ಡೇರಿ ಅಲ್ಲ" ಎಂದು ಸರ್ ಕೂಡ ನಕ್ಕರು. ಒಂದು ವಾರ ಎಲ್ಲರೂ ನನ್ನನ್ನು ಡೇರಿ ಮೇಡಂ ಎಂದು ಕರೆದರು.

ಸುದ್ದಿ ತುಂಬುವ ಪುಟದಲ್ಲಿ ಯಾವ ಊರು, ಎಷ್ಟು ಆನೆ, ಯಾವ ದಿಕ್ಕು ಎಂದು ಮೂರು ಖಾನೆ ಇದ್ದವು. ಮೂರೂ ತುಂಬಲೇಬೇಕು, ಆಗಲೇ ಅದು ಪ್ರೋಗ್ರಾಮಿಗೆ ಸುದ್ದಿ ಎಂಬ ವಿಧದ ವಸ್ತು. ಕಾಡಿನ ಬಾಯಿಗೇ ಇರುವ ಮಾವಿನ ತೋಟದ ಕಾವಲು ಕೆಂಪಣ್ಣನದು. ವಯಸ್ಸಾದವರು, ಗಟ್ಟಿ ಗಂಟಲಿನವರು. ಮಹದೇವ ಫೋನಿನಲ್ಲಿ ಅವರ ಹತ್ತಿರ ದಿಕ್ಕು ಕೇಳಿ ಕೇಳಿ ಬೈಸಿಕೊಂಡಿದ್ದ.

"ಅವ್ರು ಎಲ್ಲಿಗೋಯ್ತಾರೆ ಅಂತ ನಾನ್ಯಾರ್ಲಾ ಹೇಳಕ್ಕೆ? ನಿಮ್ಮಪ್ಪ ಎಲ್ಲಿಗೋಯ್ತಾನೆ ಅಂತ ನಿಂಗೊತ್ತೇನ್ಲಾ?"

ಈ ಬೈಗುಳದಿಂದ ಪಾರಾಗಲು ಮಹದೇವ ಒಂದು ಒಳದಾರಿ ಮಾಡಿಕೊಂಡ. ಖಾನೆಗಳನ್ನು ದಾಟಿ, ಫೋನಿನಲ್ಲಿ ಹೇಳಿದ ವಾಕ್ಯವನ್ನು ಹಾಗೆಯೇ ಲಿಸ್ಟಿಗೆ ಸೇರಿಸುವ ಒಂದು ಬಟನ್. ಸರ್‌ಗೆ ತೋರಿಸಿದ, ಸರ್ ಭೇಷ್ ಎಂದರು. ಲಿಸ್ಟಿನ ಮೇಲೆ ವಿಧ ಬರೆದಿದ್ದರೆ ಆ ಸಾಲು ಹುಟ್ಟುತ್ತಲೇ ಇರಲಿಲ್ಲ. ಬರೆದಿರಲಿಲ್ಲ, ಹುಟ್ಟಿತು.

ಆ ಬೆಳಗ್ಗೆ ಮೋಡ ಕವಿದಿತ್ತು. ಹಿಂದಿನ ದಿನದ ಮಳೆಗೆ ನೆಲ ಮೆತ್ತಗಾಗಿ ಹೆಜ್ಜೆಯ ಸದ್ದೇ ಬರುತ್ತಿರಲಿಲ್ಲ. ನಮ್ಮದೂ ಬರುತ್ತಿರಲಿಲ್ಲ, ಇನ್ನಾರದ್ದೂ ಬರುತ್ತಿರಲಿಲ್ಲ. ಚಿಕ್ಕಮ್ಮ ಹಾಲಿನ ಕ್ಯಾನು ಸೊಂಟಕ್ಕೆ ಏರಿಸಿಕೊಂಡು ಅಂಗಳದಲ್ಲೇ ಕೇಳಿದಳು.

"ಫೋನ್ ನೋಡ್ದ್ಯಾ ಮಗ?"

"ಏನೂ ಬಂದಿಲ್ಲ."

"ಸರಿ ನಡಿ, ಲೇಟಾದ್ರೆ ಡೇರಿಯೋನು ಮೂತಿ ಊದುಸ್ತಾನೆ."

ಹಿಪ್ಪುನೇರಳೆ ತೋಟದ ಪಕ್ಕ ದಾರಿ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಹಲಸಿನ ಮರ. ವಾಸನೆ ಮೊದಲು ಬಂತು, ಸೀಳಿದ ಹಣ್ಣಿನ ದಟ್ಟ ಸಿಹಿ ವಾಸನೆ. ಇಷ್ಟು ಹೊತ್ತಿಗೇ ಯಾರಪ್ಪ ಹಣ್ಣು ಕೊಯ್ದವರು ಎಂದುಕೊಂಡೆ. ರೆಂಬೆಯೊಂದು ಲಟಕ್ಕೆಂದಿತು. ಮರದ ಬುಡದಲ್ಲಿ ಬಂಡೆ ಎಂದು ನಾನು ನೋಡಿದ್ದು ಕಿವಿ ಬೀಸಿತು.

ಅದರ ಕಣ್ಣು ಸಣ್ಣದಿತ್ತು. ರೆಪ್ಪೆಗೆ ಹಲಸಿನ ಸೊನೆ ಅಂಟಿತ್ತು. ಅಷ್ಟು ಹತ್ತಿರ. ನಾನು ಫೋನ್ ಹಿಡಿದ ಕೈಯನ್ನು ಎತ್ತಿದೆ. ಯಾಕೆ ಎತ್ತಿದೆನೋ ಗೊತ್ತಿಲ್ಲ, ಇದರಲ್ಲಿ ನೀನಿಲ್ಲವಲ್ಲ ಎಂದು ಅದಕ್ಕೆ ತೋರಿಸುವ ಹಾಗೆ. ಚಿಕ್ಕಮ್ಮ ಕ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟಳು. ದನಿ ಅಲುಗದಂತೆ "ಬಂದ್ಬುಟ್ಯಾ ಸ್ವಾಮಿ, ತಿನ್ಕಪ್ಪ, ನಾವೋಯ್ತೀವಿ" ಎನ್ನುತ್ತ ನನ್ನ ಮುಂಗೈ ಹಿಡಿದು ಹಿಂದಕ್ಕೆ ಹೆಜ್ಜೆ ಇಟ್ಟಳು. ಎರಡನೆಯದೋ ಮೂರನೆಯದೋ ಹೆಜ್ಜೆಗೆ ಅದು ಬಂತು. ಓಡಿ ಬಂತು ಎನ್ನಲಾರೆ. ಅಲ್ಲಿತ್ತು, ಆಮೇಲೆ ಇಲ್ಲಿತ್ತು. ಕ್ಯಾನು ಹಾರಿದ್ದು, ಹಾಲು ಗಾಳಿಯಲ್ಲಿ ಒಂದು ಬಿಳಿ ಬಟ್ಟೆಯಂತೆ ಹರಡಿದ್ದು, ಚಿಕ್ಕಮ್ಮ ನನ್ನನ್ನು ನೂಕಿದ್ದು, ನಾನು ದಾರಿ ಪಕ್ಕದ ಕಾಲುವೆಗೆ ಬಿದ್ದದ್ದು, ಅವಳು ನನ್ನ ಮೇಲೆಯೇ ಬಿದ್ದು ಕಲ್ಲಿಗೆ ಅವಳ ಕಾಲು ಬಡಿದದ್ದು, ಇವುಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ನನಗೆ ಇವತ್ತಿಗೂ ತಿಳಿಯದು. ದಿನಾ ಜೋಡಿಸುತ್ತೇನೆ. ದಿನಾ ಬೇರೆ ಥರ ಜೋಡಣೆಯಾಗುತ್ತದೆ. ಕಾಲುವೆಯ ಅಂಚಿನ ಮಣ್ಣು ನಮ್ಮ ಮೇಲೆ ಉದುರಿತು. ಮೇಲೆ ಅದರ ಉಸಿರು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಚಿಕ್ಕಮ್ಮನ ಸೆರಗು ಅವಳ ಬಾಯೊಳಗಿತ್ತು. ಕೂಗು ಹೊರಗೆ ಬಾರದಿರಲೆಂದು ಅವಳೇ ತುರುಕಿಕೊಂಡಿದ್ದಳು.

ಅವಳ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗಲೂ ಅವಳು ಕೇಳಿದ್ದು ಒಂದೇ ಮಾತು. "ಮೆಸೇಜ್ ಯಾಕ್ ಬರ್ಲಿಲ್ಲ ಮಗ?"

ಉತ್ತರ ಲ್ಯಾಬಿನ ಪರದೆಯ ಮೇಲಿತ್ತು. ಮಹದೇವ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಕೆಂಪಣ್ಣ ನಸುಕಿನಲ್ಲೇ ಫೋನ್ ಮಾಡಿದ್ದರು. ಮಹದೇವ ತನ್ನ ಹೊಸ ಬಟನ್ನನ್ನು ಮೊದಲ ಸಲ ಒತ್ತಿದ್ದ. 'ದೊಡ್ಡೋರು ಬಂದವ್ರೆ, ಒಬ್ರೇ ಅವ್ರೆ' ಎಂಬ ವಾಕ್ಯ ಬರೀ ವಾಕ್ಯವಾಗಿ ಲಿಸ್ಟಿನೊಳಗೆ ಕೂತಿತ್ತು. ಮೆಸೇಜ್ ಕಳಿಸುವ ಹೊತ್ತಿಗೆ ಪ್ರೋಗ್ರಾಂ ಅದನ್ನು ಸುದ್ದಿ ಎಂದು ತೆಗೆಯಹೋಗಿ, ಅದು ಸುದ್ದಿಯ ವಿಧದ್ದಲ್ಲವೆಂದು ಕಂಡು ನಿಂತುಹೋಗಿತ್ತು. ಆ ಬೆಳಗ್ಗೆ ಯಾವ ಊರಿಗೂ ಯಾವ ಮೆಸೇಜೂ ಹೋಗಿರಲಿಲ್ಲ.

ಗೈಡ್ ಸರ್ ಬಂದು ನೋಡಿದರು. ಅವರು ಕೆಟ್ಟವರಲ್ಲ, ಅವರ ಮುಖವೂ ಬಿಳುಚಿಕೊಂಡಿತ್ತು. ಆದರೆ ಅವರು ಆಡಿದ ಮಾತನ್ನು ನಾನು ಮರೆಯುವುದಿಲ್ಲ.

"ಟ್ರೈ ಕ್ಯಾಚ್ ಹಾಕಿ. ಲಿಸ್ಟಲ್ಲಿ ಇಂಥದ್ದು ಸಿಕ್ಕರೆ ಬಿಟ್ಟು ಮುಂದಕ್ಕೆ ಹೋಗಲಿ. ಪ್ರೋಗ್ರಾಂ ನಿಲ್ಲಬಾರದು. ರಿಪೋರ್ಟಲ್ಲಿ, ಸುದ್ದಿ ಕೊಟ್ಟವರು ಸರಿಯಾಗಿ ಹೇಳಲಿಲ್ಲ, ಮೂಢನಂಬಿಕೆ ಅಡ್ಡಬಂತು ಅಂತ ಬರೀರಿ."

"ಸರ್, ಬಿಟ್ಟು ಮುಂದಕ್ಕೆ ಹೋದರೆ ಬಿಟ್ಟದ್ದು ಯಾವುದು?"

"ಅಂದರೆ?"

"ಆ ಬೆಳಗ್ಗೆ ಕೆಂಪಣ್ಣ ಹೇಳಿದ್ದೇ ನಿಜವಾದ ಸುದ್ದಿ. ಅದನ್ನೇ ಸದ್ದಿಲ್ಲದೆ ಬಿಸಾಡಿ ಮಿಕ್ಕಿದ್ದನ್ನ ಕಳಿಸಿದರೆ ಪ್ರೋಗ್ರಾಂ ನಿಲ್ಲಲ್ಲ, ಸರಿ. ನಮ್ಮ ಚಿಕ್ಕಮ್ಮ ಮಾತ್ರ ಅದೇ ತಿರುವಲ್ಲೇ ಇರ್ತಾಳೆ."

"ಭಾವುಕಳಾಗಬೇಡ."

ನಾನು ಭಾವುಕಳಾಗಿಯೇ ಇದ್ದೆ. ಮೈ ನಡುಗುತ್ತಿತ್ತು. ನಡುಗುವವಳು ಹೇಳಿದ ಮಾತ್ರಕ್ಕೆ ಸರಿಯಾದದ್ದು ತಪ್ಪಾಗುತ್ತದೆಯೇ? ನನ್ನ ಹೆದರಿಕೆಯನ್ನು ತೋರಿಸಿ ನನ್ನ ತರ್ಕವನ್ನು ತಳ್ಳಿಹಾಕುವವರನ್ನು ಆಮೇಲೂ ಎಷ್ಟೋ ಜನರನ್ನು ನೋಡಿದ್ದೇನೆ. ಅವತ್ತು ಮೊದಲ ಸಲ ನೋಡಿದೆ. ಅದೇ ಸಂಜೆ ನಾನು ಪ್ರೋಗ್ರಾಂ ನಿಲ್ಲಿಸಿದೆ. ನಂಬರುಗಳಿಗೆಲ್ಲ ಒಂದು ಕೊನೆಯ ಮೆಸೇಜ್ ಕಳಿಸಿದೆ: ಇನ್ನು ಫೋನ್ ನಂಬಬೇಡಿ, ಮೊದಲಿನಂತೆ ನೀವೇ ನೋಡಿ ಹೊರಡಿ.

ಊರಿನವರಿಗೆ ಸಿಟ್ಟು ಬಂತು. "ಅರ್ಧಂಬರ್ಧ ಇದ್ರೂ ಇಲ್ದೇ ಇರೋದ್ಕಿಂತ ವಾಸಿ ಕಣಮ್ಮಿ" ಎಂದರು. ಅಲ್ಲ. ಇಲ್ಲ ಎಂದು ಗೊತ್ತಿದ್ದರೆ ಕಿವಿ ಎಚ್ಚರವಾಗಿರುತ್ತದೆ. ಅರ್ಧಂಬರ್ಧ ಇರುವುದು ಆ ಕಿವಿಯನ್ನು ಮಲಗಿಸುತ್ತದೆ.

ಆ ವಾರವೇ ಕೆಂಪಣ್ಣ ಚಿಕ್ಕಮ್ಮನನ್ನು ನೋಡಲು ಬಂದರು. ಟವಲಿನಲ್ಲಿ ಮಾವಿನ ಹಣ್ಣು ಕಟ್ಟಿಕೊಂಡು ಬಂದವರು ಒಳಗೆ ಬಾರದೆ ಜಗಲಿಯ ಮೇಲೇ ಕೂತರು.

"ನಾನ್ ಫೋನ್ ಮಾಡಿದ್ದೆ ಕಣ್ ಜಯಮ್ಮ. ಮಾಡ್ಲಿಲ್ಲ ಅಂದ್ಕಬ್ಯಾಡ."

"ನಂಗೊತ್ತು ಬುಡಣ್ಣ. ಒಳಿಕ್ ಬಾ."

"ಕಾಲೇಜಿನೋರು ಯಾರೋ ಅಂದ್ರಂತೆ, ನಾನು ಸರಿಯಾಗ್ ಹೇಳ್ಲಿಲ್ಲ, ಅದ್ಕೇ ಹಿಂಗಾಯ್ತು ಅಂತ." ನನ್ನ ಕಡೆ ತಿರುಗಿದರು. ಆ ಗಟ್ಟಿ ಗಂಟಲು ಸ್ವಲ್ಪ ಕುಗ್ಗಿತ್ತು. "ಇನ್ಮೇಲೆ ದಿಕ್ಕು ಹೇಳ್ತೀನಿ ಬುಡವ್ವ. ನಮ್ಮಪ್ಪನ ಕಾಲ್ದಿಂದ ಹೇಳಿಲ್ಲ. ಹೇಳ್ತೀನಿ ಬುಡು."

"ನಿಮಗೆ ದಿಕ್ಕು ಗೊತ್ತಿತ್ತಾ ಕೆಂಪಣ್ಣ?"

"ಎಲ್ ಗೊತ್ತಿತ್ತವ್ವ? ಕತ್ಲು ಇನ್ನೂ ಹರ್ದಿರ್ನಿಲ್ಲ. ಬೆನ್ ಕಾಣ್ತು, ಅಷ್ಟೇಯ."

"ಹಂಗಾದ್ರೆ ಏನು ಹೇಳ್ತಿದ್ರಿ?"

"ಏನೋ ಒಂದ್ ಹೇಳದು. ನಿಮ್ ಮಿಸಿನ್ಗೆ ಬೇಕಲ್ಲ!"

ಅವತ್ತು ನನಗೆ ಬಂದ ಸಿಟ್ಟು ಆನೆಯ ಮೇಲೂ ಬಂದಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಮ್ಮ ಪುಟದಲ್ಲಿ ಜಾಗವಿರಲಿಲ್ಲ. ಅದಕ್ಕೆ ಈ ಮನುಷ್ಯ ಅಪ್ಪನ ಕಾಲದ ಮಾತು ಮುರಿದು ಸುಳ್ಳು ದಿಕ್ಕು ಹೇಳಲು ತಯಾರಾಗಿದ್ದರು. ಮತ್ತು ತಪ್ಪಿತಸ್ಥರೆಂದು ಅವರ ಹೆಸರು ಬರೆಯಬೇಕಂತೆ.

"ನೀವು ಏನೂ ಬದಲಾಯಿಸ್ಕೋಬೇಡಿ. ನೀವು ಹೇಳೋ ಹಾಗೇ ಹೇಳಿ. ಮಿಷಿನ್ನನ್ನ ನಾನು ಬದಲಾಯಿಸ್ತೀನಿ" ಎಂದೆ.

"ಅವ್ಳು ಹಟಮಾರಿ ಕಣಣ್ಣ, ಅವ್ರಮ್ಮನಂಗೇಯ" ಎಂದಳು ಚಿಕ್ಕಮ್ಮ ಒಳಗಿನಿಂದ.

ಮಹದೇವ ನನ್ನ ಜೊತೆ ಕೂತ. ಸರ್ ಬೇಡವೆಂದರೂ ಕೂತ. ಸುದ್ದಿ ಎಂಬ ವಿಧವನ್ನು ಮೊದಲಿಂದ ಬರೆದೆವು. ಅದರಲ್ಲಿ ಹೇಳಿದವರ ಮಾತು ಹಾಗೆಯೇ ಇರುತ್ತದೆ. ಊರು ಇರಲೇಬೇಕು. ದಿಕ್ಕು ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಮೆಸೇಜಿನಲ್ಲಿ 'ದಿಕ್ಕು ಗೊತ್ತಿಲ್ಲ' ಎಂದೇ ಹೋಗುತ್ತದೆ. ಲಿಸ್ಟಿನ ಪಕ್ಕ ಮೊನೆ ಗುರುತು ಹಾಕಿ ನಡುವೆ ಸುದ್ದಿ ಎಂದು ಬರೆದೆ. ಬರೆದದ್ದೇ ತಡ, ಪರದೆಯ ತುಂಬ ಕೆಂಪು ಗೆರೆ ಎದ್ದವು.

"ಏನಮ್ಮಿ ಇದು, ದಡಾರ ಎದ್ದಂಗೈತೆ!" ಎಂದ ಮಹದೇವ.

"ಇವೆಲ್ಲ ಮೊದಲೂ ಇದ್ದವು. ಈಗ ಕಾಣ್ತಿವೆ."

ಒಂದೊಂದು ಗೆರೆಯೂ ಒಂದೊಂದು ತೂತು. ಅವನ ಬಟನ್ನಿನ ಸಾಲು ಅದರಲ್ಲಿ ಒಂದು ಮಾತ್ರ. ಇನ್ನೊಂದು ಕಡೆ ನಾವು ಊರಿನ ಹೆಸರಿನ ಜಾಗಕ್ಕೆ ಫೋನ್ ನಂಬರ್ ಹಾಕುತ್ತಿದ್ದೆವು. ಅದು ಇಷ್ಟು ದಿನ ಯಾರನ್ನೂ ಕೊಲ್ಲದೆ ಇದ್ದದ್ದು ನಮ್ಮ ಪುಣ್ಯ. ಊರನ್ನೂ ಆ ಊರಿನ ನಂಬರುಗಳನ್ನೂ ಜೋಡಿಸಿಡುವ, ಮ್ಯಾಪ್ ಎಂಬ ಪೆಟ್ಟಿಗೆ ಮಾಡಿದೆವು, ಊರಿನ ಹೆಸರಿಗೊಂದು ವಿಧ, ನಂಬರುಗಳಿಗೊಂದು ವಿಧ. ಒಂದೇ ನಂಬರು ಎರಡು ಸಲ ಸೇರದಂತೆ ಸೆಟ್ ಎಂಬ ಇನ್ನೊಂದು ಪೆಟ್ಟಿಗೆ ಬಳಸಿದೆವು. ಮುಂದೆ ಚಿರತೆಯ ಸುದ್ದಿ ಬಂದರೂ ಅದೇ ದಾರಿಯಲ್ಲಿ ಹೋಗಲೆಂದು, ಕಳಿಸುವ ಭಾಗವನ್ನು ಸುದ್ದಿಯಿಂದ ಹುಟ್ಟಿದ ಯಾವ ವಿಧಕ್ಕಾದರೂ ಒಗ್ಗುವಂತೆ, ಆದರೆ ಸುದ್ದಿಯಲ್ಲದ್ದಕ್ಕೆ ಒಗ್ಗದಂತೆ ಬರೆದೆವು. ಜೆನೆರಿಕ್ ಎಂದರೆ ಏನು ಬೇಕಾದರೂ ಸರಿ ಎಂದು ತಿಳಿದವರಿದ್ದಾರೆ. ಯಾವುದು ಬೇಕೆಂದು ಮೊದಲೇ ಮಾತು ಕೊಡುವುದು, ಆ ಮಾತನ್ನು ಮುರಿಯಲು ನಮಗೇ ಬಿಡದಿರುವುದು, ಇಷ್ಟೇ ಅದು.

ವೈವಾ ದಿನ ಹೊರಗಿನಿಂದ ಒಬ್ಬ ಮೇಡಂ ಪರೀಕ್ಷಕರಾಗಿ ಬಂದಿದ್ದರು. ನಮ್ಮ ರಿಪೋರ್ಟಿನಲ್ಲಿ ಕೆಂಪಣ್ಣನ ತಪ್ಪು ಎಂದು ಎಲ್ಲೂ ಇರಲಿಲ್ಲ. ಲಿಸ್ಟಿಗೆ ವಿಧ ಬರೆಯದೆ ಬಿಟ್ಟದ್ದೇ ಕಾರಣ ಎಂದು ಬರೆದಿದ್ದೆ. ಸರ್ ಅದಕ್ಕೆ ಸಹಿ ಹಾಕಿರಲಿಲ್ಲ. ಮಾರ್ಕ್ಸ್ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಹೋಗಲಿ ಎಂದಿದ್ದೆ. ಅವರು ಖಾಲಿ ಕ್ಯಾಚ್ ಹಾಕಿದ, ತಪ್ಪು ಸಿಕ್ಕರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುವ ತಮ್ಮ ಕಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಾಗಿಟ್ಟಿದ್ದರು. ನಾಳೆಯಿಂದ ಊರುಗಳಿಗೆ ಅದನ್ನೇ ಹಾಕುವುದು ಅವರ ಯೋಚನೆ.

"ಅವತ್ತು ಏನಾಯ್ತು, ತೋರಿಸಿ" ಎಂದರು ಮೇಡಂ.

ಮಹದೇವ ನಮ್ಮ ಹೊಸ ಪ್ರೋಗ್ರಾಮಿನಲ್ಲಿ ಅವತ್ತಿನ ಬಟನ್ನಿನ ಸಾಲನ್ನೇ ಮತ್ತೆ ಬರೆದ. ಲಿಸ್ಟಿಗೆ ಕೆಂಪಣ್ಣನ ವಾಕ್ಯ, ಬರೀ ವಾಕ್ಯವಾಗಿ. ಸಾಲಿನ ಕೆಳಗೆ ಕೆಂಪು ಗೆರೆ ಬಿತ್ತು. ಓಡಿಸುವ ಗುಂಡಿ ಒತ್ತಿದ. ಏನೂ ಓಡಲಿಲ್ಲ.

"ನನ್ನ ಹತ್ತಿರ ಓಡೋ ಕಾಪಿ ಇದೆ ಮೇಡಂ" ಎಂದರು ಸರ್. "ಅದು ಎಂಥದ್ದು ಬಂದರೂ ನಿಲ್ಲಲ್ಲ."

ಮೇಡಂ ಅವರನ್ನು ನೋಡಿದರು, ಪರದೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅವರದು ಓಡುತ್ತೆ ಅಂತಾರೆ. ನಿನ್ನದು ರನ್ನೇ ಆಗ್ತಿಲ್ಲವಲ್ಲಮ್ಮ?"

ನನ್ನ ಕೈ ನಡುಗುತ್ತಿತ್ತು. ಬೆನ್ನ ಹಿಂದೆ ಕಟ್ಟಿಕೊಳ್ಳಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೇ ಇಟ್ಟೆ.

"ಆಗಬಾರದು ಮೇಡಂ" ಎಂದೆ. "ಈ ತಪ್ಪು ಇರೋವರೆಗೂ ಇದು ಊರಿಗೆ ಹೋಗಬಾರದು. ಇಲ್ಲೇ, ನಮ್ಮ ಕಣ್ಣೆದುರಿಗೇ ನಿಲ್ಲಬೇಕು. ಸರ್ ಕಾಪಿಯನ್ನ ಊರಿಗೆ ಹಾಕಿದರೆ ನಾನು ಮನೆ ಮನೆಗೂ ಹೋಗಿ ಫೋನ್ ನೋಡಬೇಡಿ ಅಂತ ಹೇಳಿ ಬರ್ತೀನಿ."

"ನಾನೂ ಹೋಯ್ತೀನಿ ಮೇಡಂ" ಎಂದ ಮಹದೇವ. "ನಂಗೆ ಎಲ್ಲಾರ್ ಮನೇನೂ ಗೊತ್ತು."

ಮೇಡಂ ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಯನ್ನು ನಮ್ಮ ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಆ ಸಾಲು ತೆಗಿ" ಎಂದರು ಮಹದೇವನಿಗೆ. "ಈಗ ಸರಿಯಾಗಿರೋದನ್ನ ಓಡಿಸು, ನೋಡೋಣ."